ಮಂಗಳೂರನ್ನು ಧಕ್ಕೆಯಿಂದ ನೋಡಬೇಕು

ಮಂಗಳೂರಿಗೆ ಮೊದಲ ಸಲ ಬಂದವರು ರೂಮಿನಲ್ಲಿ ಚೀಲ ಇಟ್ಟ ಕೂಡಲೇ ಕೇಳುವ ಪ್ರಶ್ನೆ ಒಂದೇ: ‘ಸಮುದ್ರ ಯಾವ ಕಡೆ?’ ಹಂಪನಕಟ್ಟೆಯಲ್ಲಿ ನಿಂತರೆ ಸಮುದ್ರ ಕಾಣುವುದಿಲ್ಲ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಇಳಿದು ಹಳೆ ಬಂದರಿನ ತುದಿಗೆ ಹೋದರೂ ಕಣ್ಣಿಗೆ ಬೀಳುವುದು ನದಿ. ನದಿಯ ಆಚೆ ತೆಂಗಿನ ಮರಗಳ ಸಾಲು, ಮಸೀದಿಯ ಮಿನಾರು, ಹೆಂಚಿನ ಮಾಡುಗಳು. ಅದು ಬೆಂಗ್ರೆ. ಸಮುದ್ರ ಇರುವುದು ಬೆಂಗ್ರೆಯ ಬೆನ್ನ ಹಿಂದೆ.

ಈ ಊರನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಗೊತ್ತಿಲ್ಲ. ಉತ್ತರದಿಂದ ಕಡಲಿಗೆ ಸಮಾನಾಂತರವಾಗಿ ಇಳಿದು ಬರುವ ಗುರುಪುರ ನದಿಯೂ ಪೂರ್ವದಿಂದ ಬರುವ ನೇತ್ರಾವತಿಯೂ ಸೇರಿ ಅಳಿವೆ ಬಾಗಿಲಲ್ಲಿ ಕಡಲಿಗೆ ಬೀಳುತ್ತವೆ. ಪೇಟೆ ಬೆಳೆದದ್ದು ಈ ಎರಡು ನದಿಗಳ ನಡುವೆ, ಒಂದು ಮರಳಿನ ಪಟ್ಟಿಯ ಮರೆಯಲ್ಲಿ. ಹಾಯಿ ಹಡಗಿನ ಕಾಲದಲ್ಲಿ ಬೀಚಿನಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಅಲೆಯ ಹೊಡೆತ ತಪ್ಪಿಸಿ ನಿಲ್ಲಲು ಒಂದು ಜಾಗ, ಕುಡಿಯಲು ಸಿಹಿನೀರು, ಘಟ್ಟದ ಮೆಣಸು ದೋಣಿಯಲ್ಲಿ ಇಳಿದು ಬರಲು ಒಂದು ಹೊಳೆ ಬೇಕಿತ್ತು. ಮೂರೂ ಇಲ್ಲಿ ಸಿಕ್ಕವು. ಹಾಗಾಗಿ ಊರಿನ ಹಳೆಯದೆಲ್ಲ ನದಿಯ ದಡದಲ್ಲೋ ಗುಡ್ಡದ ಮೇಲೋ ಉಂಟು.

ಪಣಂಬೂರಿನ ಬೀಚಿಗೆ ಸಂಜೆ ಹೋಗಿ, ಮಕ್ಕಳಿಗೆ ಖುಷಿಯಾಗುತ್ತದೆ. ಆದರೆ ಅಲ್ಲಿಂದ ಶುರು ಮಾಡಬೇಡಿ. ಬೆಳಗ್ಗೆ ಬೆಳಕು ಹರಿಯುವ ಮುಂಚೆ ಧಕ್ಕೆಗೆ, ಅಂದರೆ ಹಳೆ ಬಂದರಿನಲ್ಲಿ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆಗೆ, ಬನ್ನಿ.

ಬೋಟು ಬರುವ ಹೊತ್ತಿಗೆ ಧಕ್ಕೆಯ ನೆಲ ಪೂರ್ತಿ ಒದ್ದೆ. ಐಸ್ ನೀರು, ಮೀನಿನ ನೀರು, ಡೀಸೆಲ್ ವಾಸನೆ. ಬೋಟಿನ ಹೊಟ್ಟೆಯಿಂದ ಕ್ರೇಟುಗಳು ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತವೆ. ರಾಶಿ ಹಾಕಿದ ಕೂಡಲೇ ಸುತ್ತ ಜನ ಸೇರಿ ಏಲಂ ಆರಂಭ. ಕೂಗುವವನ ಮಾತು ಹೊರಗಿನವರಿಗೆ ಅರ್ಥವಾಗುವ ಮೊದಲೇ ಮಾಲು ಕೈ ಬದಲಾಗಿರುತ್ತದೆ. ಕೊಳ್ಳುವವರು ಕಣ್ಣಿನಲ್ಲೇ ದರ ಹೇಳುತ್ತಾರೆ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ನಂಗ್, ಮಾಂಜಿ, ಎಟ್ಟಿ, ಬೊಂಡಾಸ್. ಈ ಹೆಸರುಗಳನ್ನು ಅಲ್ಲೇ ನಿಂತು ಮೀನು ನೋಡಿ ಕಲಿತರೆ ಮಧ್ಯಾಹ್ನ ಹೋಟೆಲಿನಲ್ಲಿ ಮೆನು ಓದುವ ಕಷ್ಟ ಇರುವುದಿಲ್ಲ. ಬುಟ್ಟಿ ಹಿಡಿದು ನಿಂತ ಮೊಗವೀರ ಹೆಂಗಸರನ್ನು ‘ಅಕ್ಕ, ಇದು ಯಾವ ಮೀನು?’ ಎಂದು ಕೇಳಿ ನೋಡಿ. ಹೆಸರಿನ ಜೊತೆಗೆ ಅದನ್ನು ಹುಳಿಖಾರದ ಪುಳಿಮುಂಚಿ ಮಾಡಬೇಕೋ, ಎಣ್ಣೆಯಲ್ಲಿ ಕಾಯಿಸಿ ತಿನ್ನಬೇಕೋ ಎಂಬುದನ್ನೂ ಹೇಳುತ್ತಾರೆ. ಒಂದು ಏಲಂ ಮುಗಿಯುವುದರೊಳಗೆ ತುಳು, ಬ್ಯಾರಿ, ಕೊಂಕಣಿ, ಕನ್ನಡ, ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ಯಾರಿಗೂ ಯಾರದ್ದೂ ಅರ್ಥವಾಗದೆ ಉಳಿಯುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮೊಟ್ಟೆ ಇಡುವ ಕಾಲವೆಂದು, 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಆಗ ಬಂದರೆ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನದಿಯಲ್ಲಿ ನಿಂತಿರುತ್ತವೆ, ದಡದಲ್ಲಿ ಕೂತು ಬಲೆ ಹೆಣೆಯುವವರು ಕಾಣಸಿಗುತ್ತಾರೆ. ಅದೂ ನೋಡುವಂಥದ್ದೇ.

ಮೀನಿನ ಧಕ್ಕೆಯಿಂದ ಸ್ವಲ್ಪ ಮುಂದೆ ಮಂಜಿಗಳು ನಿಲ್ಲುವ ಜಾಗ. ಲಕ್ಷದ್ವೀಪಕ್ಕೆ ಸಾಮಾನು ಹೊತ್ತೊಯ್ಯುವ ಮರದ ಹಡಗಿಗೆ ಇಲ್ಲಿ ಮಂಜಿ ಎನ್ನುತ್ತಾರೆ. ಈರುಳ್ಳಿ, ತರಕಾರಿ, ಅಕ್ಕಿ, ಸಿಮೆಂಟು, ಜಲ್ಲಿ, ಕೆಲವೊಮ್ಮೆ ಆಡುಗಳು. ಕೂಲಿಯಾಳುಗಳು ಹಲಗೆಯ ಮೇಲೆ ನಡೆದು ತಲೆಹೊರೆಯಲ್ಲಿ ಮೂಟೆ ಇಳಿಸುವುದನ್ನು ನೋಡುತ್ತ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಆದ ಮೇಲೆ ದೊಡ್ಡ ಹಡಗುಗಳೆಲ್ಲ ಅಲ್ಲಿಗೆ ಹೋದವು. ಇಲ್ಲಿ ಉಳಿದದ್ದು ಮೀನು ಮತ್ತು ಮಂಜಿ. ಆ ಉಳಿದದ್ದರಲ್ಲೇ ಸಾವಿರ ವರ್ಷದ ಕಸುಬು ಇನ್ನೂ ಕಣ್ಣೆದುರು ನಡೆಯುತ್ತಿದೆ.

ಸಾವಿರ ವರ್ಷ ಎಂಬುದು ಮಾತಿನ ಭರಕ್ಕೆ ಹೇಳಿದ್ದಲ್ಲ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟುನೀಷಿಯಾ ಮೂಲದ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. ಅವನಿಗೆ ಯೆಮೆನ್‌ನ ಏಡನ್ ಬಂದರಿನ ವ್ಯಾಪಾರಿಗಳು ಬರೆದ ಕಾಗದಗಳು ಕೈರೋದ ಒಂದು ಹಳೆಯ ಯಹೂದಿ ಮಂದಿರದ ಕೋಣೆಯಲ್ಲಿ ಉಳಿದುಕೊಂಡವು. ಆ ಕಾಗದಗಳಲ್ಲಿ ಮೆಣಸು, ಏಲಕ್ಕಿ, ಅಡಿಕೆಯ ಲೆಕ್ಕ ಉಂಟು. ನನ್ನ ಮನಸ್ಸಿನಲ್ಲಿ ಕೂತದ್ದು ಇನ್ನೊಂದು ವಿಷಯ. ಏಡನ್‌ನವರು ತಮ್ಮ ಒಡೆದ ಪಾತ್ರೆಗಳನ್ನೂ ತಾಮ್ರ, ತವರವನ್ನೂ ಹಡಗಿಗೆ ಹಾಕಿ ಅವನಿಗೆ ಕಳಿಸುತ್ತಿದ್ದರು, ಅವನ ಕಂಚಿನ ಕಾರ್ಖಾನೆಯಲ್ಲಿ ಕರಗಿಸಿ ಹೊಸದು ಮಾಡಿಕೊಡಲಿ ಎಂದು. ಅರಬ್ಬಿ ಸಮುದ್ರದ ಆ ದಡದ ಮನೆಯೊಂದರ ತೂತು ಬಿದ್ದ ಪಾತ್ರೆ ರಿಪೇರಿಗೆ ಈ ದಡಕ್ಕೆ ಬರುತ್ತಿತ್ತು.

14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಊರನ್ನು ಮಂಜರೂರ್ ಎಂದು ಕರೆದ. ಇಲ್ಲಿನ ಅಳಿವೆಯನ್ನು ಮಲಬಾರಿನಲ್ಲೇ ದೊಡ್ಡದೆಂದ. ಫಾರ್ಸ್ ಮತ್ತು ಯೆಮೆನ್‌ನ ಬಹುಪಾಲು ವರ್ತಕರು ಇಳಿಯುವುದು ಇಲ್ಲಿಯೇ, ಮೆಣಸು ಶುಂಠಿ ಹೇರಳ ಎಂದೂ ಬರೆದ. ಈಗಲೂ ಬಂದರಿನ ಗಲ್ಲಿಗಳಲ್ಲಿ ನಡೆದರೆ ಗೋದಾಮಿನ ಬಾಗಿಲಿಂದ ಬಾಗಿಲಿಗೆ ವಾಸನೆ ಬದಲಾಗುತ್ತದೆ: ಒಣಮೆಣಸು, ಅಡಿಕೆ, ಗೋಣಿಚೀಲ, ಒಣಮೀನು. ನಡುವೆ ಜೀನತ್ ಬಕ್ಷ್ ಮಸೀದಿ. 7ನೇ ಶತಮಾನದಲ್ಲಿ ಅರಬ್ ದೇಶದಿಂದ ಬಂದ ಮಾಲಿಕ್ ದೀನಾರರ ಕಾಲದಿಂದ ಇದೆ ಎಂಬುದು ಇಲ್ಲಿನವರ ನಂಬಿಕೆ. ಟಿಪ್ಪುವಿನ ಕಾಲದಲ್ಲಿ ಹೊಸದಾಯಿತು. ಒಳಗೆ ಕೆತ್ತನೆಯ ಮರದ ಕಂಬಗಳು. ಆ ಕೆತ್ತನೆಯನ್ನೂ ತುಳುನಾಡಿನ ಹಳೆಯ ಜಮೀನ್ದಾರರ ಮನೆಗಳಾದ ನಮ್ಮ ಗುತ್ತಿನ ಮನೆಗಳ ಚಾವಡಿ ಕಂಬಗಳನ್ನೂ ಒಟ್ಟಿಗೆ ನೋಡಿದರೆ ಒಂದೇ ಕಸುಬಿನ ಕೈಗಳು ಎಂದು ತಿಳಿಯಲು ಯಾರೂ ಹೇಳಿಕೊಡಬೇಕಾಗಿಲ್ಲ. ನಮಾಜಿನ ಹೊತ್ತು ಬಿಟ್ಟು, ಕೇಳಿ ಒಳಗೆ ಹೋಗಿ.

ಇನ್ನು ನದಿ ದಾಟುವುದು. ಧಕ್ಕೆಯಿಂದ ಬೆಂಗ್ರೆಗೆ ಫೆರಿ ಉಂಟು. ಶಾಲೆ ಮಕ್ಕಳು, ಕೆಲಸಕ್ಕೆ ಬಂದ ಹೆಂಗಸರು, ತರಕಾರಿ ಚೀಲ, ಬೈಕು ಎಲ್ಲ ಅದರಲ್ಲೇ. ಪಿಕ್‌ನಿಕ್ಕಿನ ದೋಣಿ ಇದಲ್ಲ, ಒಂದು ಊರಿನ ನಿತ್ಯದ ಬಸ್ಸು. ‘ಕೂತುಕೊಳ್ಳಿ ಮಾರಾಯ್ರೆ, ತುಂಬಿದ ಮೇಲೆ ಬಿಡುದು’ ಎನ್ನುತ್ತಾರೆ, ಕೂತುಕೊಳ್ಳಬೇಕು. ದೋಣಿ ನಡು ನದಿಗೆ ಬಂದಾಗ ಹಿಂತಿರುಗಿ ನೋಡಿ. ನೀವು ಬಿಟ್ಟು ಬಂದ ದಡದಲ್ಲಿ ಬೋಟುಗಳ ಸಾಲು, ಅದರ ಹಿಂದೆ ಗೋದಾಮುಗಳ ಹೆಂಚು, ಅದರ ಮೇಲೆ ಗುಡ್ಡಗಳು, ಗುಡ್ಡಗಳ ಮೇಲೆ ಈಗ ಫ್ಲ್ಯಾಟುಗಳು. ಹಡಗಿನಲ್ಲಿ ಬಂದವರೆಲ್ಲ ಊರನ್ನು ಮೊದಲು ನೋಡಿದ್ದು ಈ ದಿಕ್ಕಿನಿಂದಲೇ. ಬೆಂಗ್ರೆಯಲ್ಲಿ ಇಳಿದು ಮನೆಗಳ ನಡುವಿನ ದಾರಿಯಲ್ಲಿ ಕೆಲವು ನಿಮಿಷ ನಡೆದರೆ ಸಮುದ್ರ. ದಕ್ಷಿಣದ ತುದಿಗೆ ಹೋದರೆ ಅಳಿವೆ ಬಾಗಿಲು. ಬೋಟುಗಳು ಅಲೆ ಎಣಿಸಿ ಒಳನುಗ್ಗುವುದನ್ನು ದಡದಿಂದ ನೋಡಿದವರಿಗೆ ತಟ್ಟೆಯಲ್ಲಿನ ಮೀನಿನ ಬೆಲೆಯ ಬಗ್ಗೆ ಚೌಕಾಸಿ ಮಾಡಲು ಮನಸ್ಸು ಬಾರದು.

ಸುಲ್ತಾನ್ ಬತ್ತೇರಿ ಇದೇ ನದಿಯ ದಡದಲ್ಲಿ, ಸ್ವಲ್ಪ ಉತ್ತರಕ್ಕೆ, ಬೋಳೂರಿನಲ್ಲಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಶತ್ರು ಹಡಗು ನದಿಯೊಳಗೆ ಬಾರದಂತೆ ತೋಪಿಗೆ ಕಿಂಡಿಗಳು, ಕೆಳಗೆ ಮದ್ದಿನ ಕೋಣೆ. ಅದೇ ವರ್ಷ ಮಾರ್ಚ್ 11ರಂದು ಎರಡನೇ ಮೈಸೂರು ಯುದ್ಧ ಮುಗಿಸಿದ ಒಪ್ಪಂದಕ್ಕೆ ಈಸ್ಟ್ ಇಂಡಿಯಾ ಕಂಪನಿಯವರು ಸಹಿ ಹಾಕಿದ್ದು ಇದೇ ಮಂಗಳೂರಿನಲ್ಲಿ. ಬುರುಜು ಚಿಕ್ಕದು, ಬೇಗ ನೋಡಿ ಆಗುತ್ತದೆ. ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿ. ಗಾಳಿಮರಗಳ ನೆರಳಿನ ಆ ಕಿನಾರೆ ನನಗೆ ಪಣಂಬೂರಿಗಿಂತ ಇಷ್ಟ. ನೂಲ ಹುಣ್ಣಿಮೆಯ ಸುಮಾರಿಗೆ ಬಂದರೆ ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸುವ ಸಮುದ್ರ ಪೂಜೆ ನೋಡಬಹುದು.

ಹೆಂಚಿನ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ. ಮಂಗಳೂರು ಹೆಂಚು ಎಂದು ದೇಶವಿಡೀ ಗೊತ್ತು. ಅದು ಹುಟ್ಟಿದ ಜಾಗ ನೋಡಲು ಬರುವವರು ಕಡಿಮೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಇಲ್ಲಿಗೆ ಬಂದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನದಿ ಬಯಲಿನ ಆವೆಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಮಣ್ಣು ಬಂದದ್ದು ದೋಣಿಯಲ್ಲಿ, ಗೂಡಿಗೆ ಸೌದೆ ಬಂದದ್ದು ಹೊಳೆಯಲ್ಲಿ, ಬೆಂದ ಹೆಂಚು ಹೊರಟದ್ದು ಹಡಗಿನಲ್ಲಿ. ಹಾಗಾಗಿ ಕಾರ್ಖಾನೆಗಳ ಚಿಮಣಿಗಳೆಲ್ಲ ನದಿಯ ದಡ ಹಿಡಿದು ಎದ್ದವು. ಮೊದಲ ಮಹಾಯುದ್ಧದ ಕಾಲದಲ್ಲಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷರ ಕೈಸೇರಿ ಕಾಮನ್‌ವೆಲ್ತ್ ಟ್ರಸ್ಟ್ ಆದವು. ಅಷ್ಟರಲ್ಲಿ ಊರಿನವರೇ ಹಲವು ಕಾರ್ಖಾನೆ ಕಟ್ಟಿದ್ದರು.

ಹಳೆ ಮನೆ ಕೆಡವುವ ಕಡೆ ಒಂದು ಹೆಂಚು ಕೈಗೆತ್ತಿಕೊಂಡು ನೋಡಿ. ಮೇಲ್ಮೈಯಲ್ಲಿ ನೀರು ಇಳಿಯಲು ಎರಡು ಕಾಲುವೆ. ಬದಿಯಲ್ಲಿ ಪಕ್ಕದ ಹೆಂಚು ಕಚ್ಚಿಕೊಳ್ಳುವ ತೋಡು. ಹಿಂಬದಿಯಲ್ಲಿ ರೀಪಿಗೆ ಸಿಕ್ಕಿಸುವ ಮೂಗು. ಅದರ ನಡುವೆ ಅಚ್ಚೊತ್ತಿದ ಅಕ್ಷರಗಳು, ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಬೆರಳಾಡಿಸಿದರೆ ಅಕ್ಷರ ಇನ್ನೂ ಚೂಪು. ಹಳೆ ಕಾಲದ ಊರ ಹೆಂಚಿನ ಹಾಗೆ ಒಂದರ ಮೇಲೊಂದು ಸುಮ್ಮನೆ ಕವುಚುವುದಲ್ಲ, ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಕಡಿಮೆ ಹೆಂಚು, ಕಡಿಮೆ ಭಾರ, ನಮ್ಮ ಆಟಿ ತಿಂಗಳ ಜಡಿಮಳೆಗೂ ಜಗ್ಗದ ಮಾಡು. ಸೆಕೆಯ ಗಾಳಿ ಸಂದಿಯಿಂದ ಹೊರಹೋಗುತ್ತದೆ. ನಡುವೆ ಒಂದು ಗಾಜಿನ ಹೆಂಚು ಇಟ್ಟರೆ ಅಡುಗೆಮನೆಗೆ ಬೆಳಕು. ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದದ್ದನ್ನು ಮಾತ್ರ ಬದಲಿಸಿದರೆ ಸಾಕು.

ಈಗ ಆ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಮನೆ ಮಾರುವವರನ್ನು ದೂರಲಾರೆ. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವಾಗ ಎರಡು ಮುದಿ ಜೀವಗಳು ಅಷ್ಟು ದೊಡ್ಡ ಮಾಡು ನೋಡಿಕೊಳ್ಳುವುದು ಸುಲಭವಲ್ಲ. ಆದರೂ ಜೆಪ್ಪು, ಬೋಳಾರ, ಫಳ್ನೀರು, ಕೊಡಿಯಾಲ್‌ಬೈಲಿನ ಒಳದಾರಿಗಳಲ್ಲಿ ಇನ್ನೂ ಉಳಿದಿರುವುದನ್ನು ನೋಡಲೇಬೇಕು. ಕಂಪೌಂಡಿನ ಹೊರಗೆ ನಿಂತು ನೋಡಿದರೂ ಸಾಕು. ನನ್ನ ಮಟ್ಟಿಗೆ ಮಂಗಳೂರಿನ ದೊಡ್ಡ ಸ್ಮಾರಕ ಈ ಮಾಡುಗಳೇ.

ಅದೇ ಮಿಷನ್ನಿನವರ ಇನ್ನೊಂದು ಕೆಲಸ ನೋಡಲು ಬಲ್ಮಠಕ್ಕೆ ಹತ್ತಬೇಕು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅಲ್ಲಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಿಸಿದ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ಬೇರೆ ಹೆಸರು ಪಡೆಯಿತು. ಜುಲೈ 1 ನಮ್ಮಲ್ಲಿ ಪತ್ರಿಕಾ ದಿನವಾದದ್ದು ಆ ನಾಲ್ಕು ಪುಟಗಳಿಂದ. ಕಿಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕನ್ನಡ ಓದಿ ಬೆಳೆದವರು ಈ ಗುಡ್ಡಕ್ಕೆ ಒಮ್ಮೆ ಬರುವುದು ಒಂದು ಋಣ ಎಂದೇ ನಾನು ತಿಳಿದಿದ್ದೇನೆ.

ಬಲ್ಮಠದ ಹತ್ತಿರವೇ ಬಾವುಟಗುಡ್ಡೆ. 1837ರ ಏಪ್ರಿಲ್‌ನಲ್ಲಿ ಸುಳ್ಯ, ಕೊಡಗಿನ ಕಡೆಯಿಂದ ಬಂದ ರೈತ ದಂಡು ಕಂಪನಿಯನ್ನು ಓಡಿಸಿ ಇಲ್ಲಿ ಬಾವುಟ ಹಾರಿಸಿತು. ದಂಡಿನ ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಈಗ ಅಲ್ಲಿದೆ. ಪಕ್ಕದಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು, ಅದರ ಚಾಪೆಲ್.

ಚಾಪೆಲ್‌ಗೆ ಅವಸರದಲ್ಲಿ ಹೋಗಬೇಡಿ. ಹೊರಗಿನಿಂದ ಅದೊಂದು ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಸೂರು ಎಲ್ಲಿಯೂ ಅಂಗೈಯಗಲ ಖಾಲಿ ಜಾಗ ಇಲ್ಲ. ಬೆರ್ಗಾಮೊ ಬಳಿಯ ಸ್ಟೆಜಾನೊದಲ್ಲಿ ಹುಟ್ಟಿದ ಆಂಟೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಬ್ರದರ್ 1899ರ ಸುಮಾರಿಗೆ ಇಲ್ಲಿ ಕೆಲಸಕ್ಕೆ ನಿಂತರು. ಗೋಡೆಯ ಮೇಲಿನವು ಹಸಿ ಗಾರೆಯ ಚಿತ್ರಗಳು. ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕು. ಒಣಗುತ್ತ ಬಣ್ಣ ಗೋಡೆಯಲ್ಲೇ ಸೇರಿಹೋಗುತ್ತದೆ, ತಪ್ಪಿದರೆ ಗಾರೆ ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. ಸೂರಿನ ನಡುವಿನವು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದವು, ಸಂತ ಅಲೋಶಿಯಸರ ಬದುಕಿನ ಘಟನೆಗಳು. ಬೆಂಚಿನಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿ ಮೇಲಿನ ಅಂಚು ನೋಡಿ. ಅಲ್ಲಿ ಕೆತ್ತನೆಯ ಪಟ್ಟಿ, ಹೂಮಾಲೆ, ಉಬ್ಬು ಕಂಬ ಇರುವಂತೆ ಕಾಣುತ್ತದೆ. ಅವು ಯಾವುವೂ ಇಲ್ಲ, ಎಲ್ಲ ಚಪ್ಪಟೆ ಗೋಡೆಯ ಮೇಲಿನ ಬಣ್ಣ. ನೆರಳನ್ನು ಎಲ್ಲಿ ಹಾಕಬೇಕೆಂದು ಆ ಮನುಷ್ಯ ಎಷ್ಟು ನಿಖರವಾಗಿ ಲೆಕ್ಕ ಹಾಕಿದ್ದಾರೆಂದರೆ, ಗೊತ್ತಿದ್ದೂ ಕಣ್ಣು ನಂಬುವುದಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆ ಒಣಗದ ಊರಿನಲ್ಲಿ ಈ ಚಿತ್ರಗಳು ಶತಮಾನ ದಾಟಿ ನಿಂತಿವೆ, ನಡುವೆ ಸಂರಕ್ಷಕರ ಕೈಯೂ ಸೇರಿದೆ. ಮೊಸ್ಕೆನಿ ಇಟಲಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಕದ್ರಿಗೆ ಬೆಳಗ್ಗೆ ಹೋಗಿ, ಜನ ಕಡಿಮೆ ಇರುವಾಗ. ಮಂಜುನಾಥನ ದರ್ಶನವಾದ ಮೇಲೆ ಲೋಕೇಶ್ವರನ ಎದುರು ನಿಲ್ಲಿ. ಮೂರು ಮುಖ, ಆರು ಕೈ, ಪದ್ಮಾಸನ, ಕೂತ ಆಳೆತ್ತರದ ಕಂಚು. ಪೀಠದ ಶಾಸನದ ಪ್ರಕಾರ ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಕದಿರಿಕಾ ವಿಹಾರದಲ್ಲಿ ಸ್ಥಾಪಿಸಿದ್ದು. ವಿಹಾರ ಎಂಬ ಮಾತೂ ಲೋಕೇಶ್ವರ ಎಂಬ ಹೆಸರೂ ಇಲ್ಲಿದ್ದ ಬೌದ್ಧ ನೆಲೆಯನ್ನು ಸೂಚಿಸುತ್ತವೆ. ಆಮೇಲೆ ನಾಥಪಂಥ ಬಂತು, ಶಿವ ನೆಲೆಯಾದ. ಯಾವುದೂ ಹಿಂದಿನದನ್ನು ಹೊರಗೆ ಹಾಕಲಿಲ್ಲ. ದೀಪದ ಬೆಳಕು ಬಿದ್ದಾಗ ಕಿರೀಟದ ಕುಸುರಿ ನೋಡಿ, ಬೆರಳುಗಳ ಗೆಣ್ಣು ನೋಡಿ. ಏಡನ್‌ನವರು ಪಾತ್ರೆ ಕಳಿಸಿದ್ದು ಇದಾಗಿ ಒಂದೂವರೆ ಶತಮಾನದ ಮೇಲೆ. ಕಂಚಿನ ಕಸುಬಿನ ಕೈಗಳು ಈ ನಾಡಿನಲ್ಲಿ ಎಂಥ ಕೆಲಸ ಮಾಡುತ್ತಿದ್ದವು ಎಂದು ಈ ವಿಗ್ರಹದ ಎದುರು ಗೊತ್ತಾಗುತ್ತದೆ. ಹಿಂದೆ ಗುಡ್ಡದಲ್ಲಿ ಗೋಮುಖದಿಂದ ನೀರು ಬೀಳುವ ಕೆರೆಗಳು, ಮೇಲೆ ಜೋಗಿಮಠ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕದಿಂದ ನಾಥ ಸಾಧುಗಳ ತಂಡ, ಝುಂಡಿ, ಕಾಲ್ನಡಿಗೆಯಲ್ಲಿ ಬಂದು ಮಠಕ್ಕೆ ಹೊಸ ಅರಸರನ್ನು, ಅಂದರೆ ಮಠದ ಮುಖ್ಯಸ್ಥರನ್ನು, ಕೂರಿಸುತ್ತದೆ.

ಕುದ್ರೋಳಿ ಗೋಕರ್ಣನಾಥ ದೇವಸ್ಥಾನವನ್ನು ನವರಾತ್ರಿಯಲ್ಲಿ ನೋಡಬೇಕು, ದೀಪದ ಅಲಂಕಾರದ ಜೊತೆಗೆ ಅದರ ಹಿನ್ನೆಲೆಯನ್ನೂ ತಿಳಿದುಕೊಂಡು. ಬೇರೆ ದೇವಸ್ಥಾನಗಳ ಬಾಗಿಲು ತಮಗೆ ಮುಚ್ಚಿದ್ದಾಗ ಬಿಲ್ಲವರು ನಾರಾಯಣ ಗುರುಗಳ ಕೈಯಲ್ಲಿ 1912ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಇದು. ಈಗ ಅಲ್ಲಿಗೆ ಬಾರದ ಜಾತಿ ಇಲ್ಲ.

ಊಟದ ಬಗ್ಗೆ ಎರಡೇ ಮಾತು. ಮಧ್ಯಾಹ್ನ ಚಿಕ್ಕ ಮೀನೂಟದ ಹೋಟೆಲಿಗೆ ಹೋಗಿ, ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಕಾಣೆ ಫ್ರೈ ಹೇಳಿ. ಮೀನು ತಿನ್ನದವರಿಗೆ ಸಂಜೆ ಗೋಳಿಬಜೆ, ಬನ್ಸ್ ಉಂಟು, ರಾತ್ರಿ ಎಲ್ಲರಿಗೂ ಗಡ್‌ಬಡ್ ಐಸ್‌ಕ್ರೀಮ್ ಉಂಟು.

ನೇತ್ರಾವತಿಯ ಸೇತುವೆ ದಾಟಿದರೆ ಉಳ್ಳಾಲ. ಪೋರ್ಚುಗೀಸರಿಗೆ ತಲೆಬಾಗದ ಅಬ್ಬಕ್ಕನ ಊರು. 1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ನೋಡಲೆಂದೇ ಹೋದ. ಅವನಿಗೆ ಆಕೆ ಸಿಕ್ಕಿದ್ದು ಅರಮನೆಯಲ್ಲಿ ಅಲ್ಲ, ಮಾನೆಲ್ ಎಂಬ ಊರಿನ ಪೇಟೆ ಬೀದಿಯಲ್ಲಿ. ಬರಿಗಾಲು, ಸಾದಾ ಹತ್ತಿಬಟ್ಟೆ, ತಲೆಯ ಮೇಲೆ ಹಿಡಿದ ತಾಳೆಗರಿಯ ಕೊಡೆ. ತೋಡು ತೋಡಿಸುವ ಕೆಲಸ ನೋಡಲು ಹೊರಟಿದ್ದಳಂತೆ. ಕುದುರೆಯ ಮೇಲೆ ಕತ್ತಿ ಎತ್ತಿದ ಅಬ್ಬಕ್ಕನ ಪ್ರತಿಮೆಗಳನ್ನು ನಾವು ನಿಲ್ಲಿಸಿದ್ದೇವೆ, ಅದು ಸರಿಯೇ. ನನಗೆ ಹೆಚ್ಚು ಹತ್ತಿರ ಎನಿಸುವವಳು ನೀರಿನ ಕೆಲಸ ನೋಡಲು ಬಿಸಿಲಲ್ಲಿ ನಡೆದು ಹೋದ ಈ ರಾಣಿ.

ಸೋಮೇಶ್ವರದ ಬಂಡೆಗಳ ಮೇಲೆ ಸೂರ್ಯಾಸ್ತಕ್ಕೆ ಕೂರಿ, ಆದರೆ ನೀರಿಗೆ ಇಳಿಯಬೇಡಿ. ಸೆಳೆತ ಜಾಸ್ತಿ, ಜೀವಗಳು ಹೋಗಿವೆ. ಉಳ್ಳಾಲದ ಕಿನಾರೆಯಲ್ಲಿ ರಾಶಿ ಹಾಕಿದ ಕಪ್ಪು ಕಲ್ಲುಗಳನ್ನೂ ನೋಡಿ ಬನ್ನಿ. ಮಳೆಗಾಲದಲ್ಲಿ ಕಡಲು ಕೊರೆದು ಮನೆ, ತೆಂಗು, ರಸ್ತೆ ಕಳಕೊಂಡ ದಡ ಅದು. ಅಲ್ಲಿನವರು ಪ್ರತಿ ಜೂನ್‌ನಲ್ಲಿ ರಾತ್ರಿ ನಿದ್ದೆಗೆಟ್ಟು ಅಲೆಯ ಸದ್ದು ಕೇಳುತ್ತಾರೆ.

ಬರುವುದಾದರೆ ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಬನ್ನಿ. ನವರಾತ್ರಿಗಾದರೆ ರೂಮು ಮೊದಲೇ ಹಿಡಿದಿಡಿ. ಧಕ್ಕೆಗೆ ಹೋಗುವ ದಿನ ಹಳೆ ಚಪ್ಪಲಿ ಹಾಕಿಕೊಳ್ಳಿ, ಪ್ಯಾಂಟು ಮಡಚಿಕೊಳ್ಳಿ, ಕ್ರೇಟು ಹೊತ್ತು ಬರುವವರಿಗೆ ದಾರಿ ಬಿಟ್ಟು ನಿಲ್ಲಿ. ಫೆರಿಗೆ ಚಿಲ್ಲರೆ ಇಟ್ಟುಕೊಳ್ಳಿ, ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕೇಳಿಕೊಳ್ಳಿ.